ಓಣಿಯ ಆಚೆ ಈಚೆ

"ಎತ್ತಬ್ಯಾಡ್ರಾ, ಇಳಸಿ!" ಎಂದು ದುರ್ಗಿ ಕೂಗಿದಾಗ ಚಟ್ಟ ಆಗಲೇ ಹೆಗಲ ಹತ್ತಿರ ಬಂದಿತ್ತು. ಹೊತ್ತ ನಾಲ್ವರೂ ಮುಖ ಮುಖ ನೋಡಿಕೊಂಡು ಗಂಗಿಯನ್ನು ಮತ್ತೆ ತುಳಸಿಕಟ್ಟೆಯ ಮುಂದೆ ಇಳಿಸಿದರು. ಮುಂದಿನ ತುದಿ ಹಿಡಿದಿದ್ದ ಬೀರು, ಗಂಗಿಯ ಅಳಿಯ, ಹೆಂಡತಿ ದುರ್ಗಿಯ ಮೇಲೆ ರೇಗಿದ.

"ಬಿಸ್ಲು ಏರ್ತೇ ಅದೆ. ಇನ್ನೆಂತಕ್ಕೆ ತಡಾ ಮಾಡೂದು?"

"ಅವ್ರಿಬ್ರೂ ಬರೂವರಿಗೆ ತೆಗಿಯೂಕಿಲ್ಲ. ಅವ್ವಿ ಸಾಯೂವಾಗ ನನ್ನ ಕೈ ಹಿಡ್ದಿ ಹೇಳ್ತು. ತುಳಸಿ ಮುಂದೆ ಮಾಡ್ದ ಆಣೆ ಬಿಡಸ್ಕಳ್ದೆ ಹೋದ್ರೆ ಆಚೆಗೂ ನಂಗೆ ಜಾಗಾ ಇಲ್ಲ ಅಂತು."

ಅವರಿಬ್ಬರು ಯಾರೆಂದು ಬೇಲೇಕೇರಿ ಹತ್ತಿರದ ಆ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬರು ಅಂಕೋಲೆಯ ವೈದ್ಯ ಯಜ್ಞೇಶ್ವರ ಭಟ್ಟರು. ಇನ್ನೊಬ್ಬರು ಮೊದಲು ಅಂಕೋಲೆಯಲ್ಲೇ ಇದ್ದು ಈಗ ಕಾರವಾರದಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರ್ ದೇವಿದಾಸ. ಐದು ವರ್ಷಗಳಿಂದ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗಂಗಿ ಅವರಿಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ಅದಕ್ಕೆ ಕಾರಣ ಮಾತ್ರ ಬೇರೆಯಿತ್ತು.

ದುರ್ಗಿ ಬೆಳಿಗ್ಗೆಯೇ ಇಬ್ಬರಿಗೂ ಹೇಳಿಕಳಿಸಿದ್ದಳು. ಭಟ್ಟರು ಗದ್ದೆಯ ಬದುವಿನ ಮೇಲೆ ನಡೆದು ಬಂದರು. ಸ್ವಲ್ಪ ಹೊತ್ತಿಗೆ ಡಾಕ್ಟರರು ಸರ್ವಿಸ್ ಮೋಟಾರು ಇಳಿದು ಬೂಟಿನ ಧೂಳು ಜಾಡಿಸುತ್ತ ಬಂದರು. ಒಬ್ಬರನ್ನೊಬ್ಬರು ಕಂಡದ್ದೇ ತಡ, ಭಟ್ಟರು ಓಣಿಯ ಆಚೆ ಬೇಲಿಗೆ ಸರಿದರು, ಡಾಕ್ಟರರು ಈಚೆ ಬೇಲಿಗೆ. ಇಬ್ಬರನ್ನೂ ಅಂಗಳದೊಳಗೆ ಕರೆತರಲು ಕೇರಿಯ ಹಿರಿಯ ತಿಮ್ಮು ಗೌಡನೇ ಏಳಬೇಕಾಯಿತು.

*

ಐದು ವರ್ಷಗಳ ಹಿಂದಿನ ಆ ಮಳೆಗಾಲದಲ್ಲಿ ಚಳಿಜ್ವರ ಕೇರಿಗೆ ಕೇರಿಯನ್ನೇ ಹಾಸಿಗೆಗೆ ಕೆಡವಿತ್ತು. ಮಕ್ಕಳ ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಕೈಗೆ ಸಿಗುತ್ತಿತ್ತು. ಭಟ್ಟರೂ ಡಾಕ್ಟರರೂ ಆಗ ಜೀವದ ಗೆಳೆಯರು. ಡಾಕ್ಟರರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೆತ್ತರಿನೊಳಗಿನ ಜ್ವರದ ಹುಳವನ್ನು ನೋಡಿದ ಭಟ್ಟರು, "ನಮ್ಮ ಗ್ರಂಥದಲ್ಲಿ ಇದಿಲ್ಲ. ಹಾಗಂತ ಕಂಡದ್ದನ್ನು ಇಲ್ಲ ಎನ್ನಲೇ?" ಎಂದಿದ್ದರು. ಮನೆಗೆ ಹೋಗಿ ಸ್ನಾನ ಮಾಡಿದ್ದರು, ಅದು ಬೇರೆ ಮಾತು. ಡಾಕ್ಟರರು ಅವರಿಂದ ನಾಡಿ ಹಿಡಿಯುವುದನ್ನು ಕಲಿಯುತ್ತಿದ್ದರು. ಹಾವೂ ಮುಂಗುಸಿಯೂ ಒಂದೇ ಬಿಲ ಹೊಕ್ಕವು ಎಂದು ಅಂಕೋಲೆಯ ಪೇಟೆ ನಗುತ್ತಿತ್ತು.

ಇಬ್ಬರೂ ಕೂಡಿ ಒಂದು ಪರೀಕ್ಷೆ ಹೂಡಿದರು. ಕೇರಿಯ ನಡುವೆ ಓಣಿ. ಈಚೆಯ ಮನೆಗಳಿಗೆ ಡಾಕ್ಟರರ ಕ್ವಿನೈನ್ ಗುಳಿಗೆ, ಆಚೆಯ ಮನೆಗಳಿಗೆ ಭಟ್ಟರ ಕಿರಾತಕಡ್ಡಿ ಕಷಾಯ. ಮಳೆ ಮುಗಿದ ಮೇಲೆ ಯಾವ ಬದಿಯ ಗಡ್ಡೆ ಕರಗಿದೆ ಎಂದು ನೋಡುವುದು, ಕಂಡದ್ದನ್ನು ಇಬ್ಬರ ಹೆಸರಿನಲ್ಲೂ ಅಚ್ಚು ಹಾಕಿಸುವುದು. ದಿನವೂ ಮದ್ದು ಹಂಚಲು ಎಲ್ಲರೂ ನಂಬುವ ಒಂದು ಹೆಂಗಸು ಬೇಕಿತ್ತು. ಗಂಗಿ ಒಪ್ಪಿದಳು. ಆಚೆಯ ಮದ್ದು ಈಚೆ ಬರುವುದಿಲ್ಲ, ಈಚೆಯದು ಆಚೆ ಹೋಗುವುದಿಲ್ಲ ಎಂದು ಇಬ್ಬರೆದುರೂ ತುಳಸಿ ಮುಟ್ಟಿ ಆಣೆ ಮಾಡಿದಳು.

ಮಳೆ ಮುಗಿಯಿತು. ಎರಡೂ ಬದಿಯ ಮಕ್ಕಳು ಎದ್ದು ಓಡಾಡಿದವು. ಗಡ್ಡೆ ಎರಡೂ ಬದಿಯಲ್ಲಿ ಒಂದೇ ಸಮ ಇಳಿದಿತ್ತು. ಖುಷಿಪಡಬೇಕಾದ ಸಂಗತಿ. ಆದರೆ ತನ್ನ ಬದಿ ಮೇಲಾಗಲಿಲ್ಲವೆಂದು ಪಂಡಿತರಿಬ್ಬರಿಗೂ ಸಿಟ್ಟು ಬಂತು. ಆಚೆ ಬದಿಯ ಮುದುಕಿಯೊಬ್ಬಳು ಕಿವಿ ಗುಂಯ್‌ಗುಡುತ್ತದೆ ಎಂದದ್ದೇ ನೆಪವಾಯಿತು.

"ಅದು ಕ್ವಿನೈನಿನ ಗುಣ. ನಿಮ್ಮ ಕಷಾಯ ಕುಡಿದರೆ ಕಿವಿ ಗುಂಯ್ ಅನ್ನುತ್ತದೆಯೇ ಭಟ್ಟರೇ? ನನ್ನ ಗುಳಿಗೆ ಕದ್ದು ಕೊಟ್ಟಿದ್ದೀರಿ" ಎಂದರು ಡಾಕ್ಟರರು.

"ಮತ್ತೆ ನಿಮ್ಮ ಬದಿಯ ಒಲೆಗಳ ಹತ್ತಿರ ನನ್ನ ಕಿರಾತಕಡ್ಡಿಯ ಚರಟ ಬಿದ್ದಿದೆಯಲ್ಲ, ಅದಕ್ಕೇನು ಕಾಲು ಬಂದಿತ್ತೇ?" ಎಂದರು ಭಟ್ಟರು.

ಕಳ್ಳ, ಸುಳ್ಳ ಎನ್ನುವವರೆಗೆ ಹೋಯಿತು. ಓಣಿಯ ನಡುವೆ, ನಾಲ್ಕು ಜನರೆದುರು. ಗಂಗಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಅಲ್ಲೇ ನಿಂತಿದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಸುಮ್ಮನೆ ಹೇಳುವುದಿಲ್ಲ.

ಆ ತಿಂಗಳೇ ಡಾಕ್ಟರರು ಕಾರವಾರಕ್ಕೆ ಹೋದರು.

*

"ಅವ್ವಿ ಮನೆ ಈಚೆ ಬದಿ. ನನ್ನ ಕೊಟ್ಟದ್ದು ಆಚೆ ಬದಿ" ಎಂದಳು ದುರ್ಗಿ, ಇಬ್ಬರ ಮುಖವನ್ನೂ ನೋಡದೆ. "ನನ್ನ ಹುಡ್ಗಿಗೆ ಜ್ವರ ಇಳೀಲಿಲ್ಲ. ಅವ್ವಿಗೆ ತಡ್ಕಳೂಕೆ ಆಗಲಿಲ್ಲ. ತನ್ನ ಪಾಲಿನ ಗುಳಿಗೆ ಸೆರಗಲ್ಲಿ ಕಟ್ಕಂಡಿ ಬಂತು. ಅದ್ನ ನೆರೆಮನೆ ಹೊನ್ನಿ ಕಂಡ್ತು. ಅದ್ರ ಮಗೂಗೆ ಇಲ್ಲ ಅಂಬೂಕೆ ಆಗ್ತದ್ಯೆ? ಆಮೇಲೆ ಈಚೆ ಬದಿಯವ್ರು, ನಮ್ಗೆ ಕಷಾಯ ಬ್ಯಾಡ್ವೆ ಅಂದ್ರು. ಹಂಗೇ ಆಗೋಯ್ತು. ಎಲ್ರೂ ಎರಡೂ ಕುಡದ್ರು."

"ಹೌದ್ರಾ ಒಡ್ಯಾ" ಎಂದ ತಿಮ್ಮು. "ಕೇರಿಗೆಲ್ಲ ಗೊತ್ತಿತ್ತು. ನೀವು ಕೇಳಲಿಲ್ಲ. ನೀವು ಜಗಳಾ ಆಡೂದ ಕಂಡಿ ನಮ್ಗೆ ಹೇಳೂಕೂ ಧೈರ್ಯ ಬರಲಿಲ್ಲ."

ಡಾಕ್ಟರರು ಚಟ್ಟದ ಕಡೆ ತಿರುಗಿದರು. "ಈಗ ಇವಳಿಗೆ ಜ್ವರ ಬಂದಾಗ ನನಗೆ ಯಾಕೆ ಹೇಳಿ ಕಳಿಸಲಿಲ್ಲ? ಇವರಿಗಾದರೂ?"

"ನಾ ಹೇಳ್ದೆ ಒಡ್ಯಾ. ಅವ್ವಿ ಕಾಲು ಹಿಡ್ದೆ" ಎಂದಳು ದುರ್ಗಿ. "ಅವ್ರಿಬ್ರ ಸ್ನೇಹಾ ಮುರದೋಳು ನಾನು, ಇನ್ಯಾವ ಮೊಕಾ ಇಟ್ಕಂಡಿ ಅವ್ರ ಮದ್ದು ಕೇಳ್ಲಿ ಅಂತು. ಗುಳಿಗೇನೂ ಬ್ಯಾಡ, ಕಷಾಯಾನೂ ಬ್ಯಾಡ ಅಂತು. ಕಡೀವರಿಗೂ ಬಾಯಿ ಬಿಡಲಿಲ್ಲ."

ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರೆ. ಇಲ್ಲಿ ಮೂರನೆಯವಳು ಚಟ್ಟದ ಮೇಲೆ ಮಲಗಿದ್ದಳು. ಡಾಕ್ಟರರಿಗೆ ತಲೆ ಎತ್ತಲಾಗಲಿಲ್ಲ. ಇದೇ ಓಣಿಯಲ್ಲಿ ತಾನು ಗೆಳೆಯನಿಗೆ ಕಳ್ಳ ಎಂದದ್ದು, ಆ ಮಾತನ್ನು ಈ ಹೆಂಗಸು ತನ್ನದೆಂದು ನುಂಗಿಕೊಂಡು ಐದು ವರ್ಷ ಬದುಕಿದ್ದು, ತನ್ನ ಕಪಾಟಿನಲ್ಲಿ ಕ್ವಿನೈನ್ ಸೀಸೆಗಳು ಸಾಲಾಗಿ ಕೂತಿರುವುದು, ಎಲ್ಲ ಒಟ್ಟಿಗೇ ನೆನಪಾಯಿತು. ಭಟ್ಟರು ಬೇಲಿಯ ಬುಡ ನೋಡುತ್ತಿದ್ದರು. ಅಲ್ಲಿ ಕಿರಾತಕಡ್ಡಿ ಮೊಣಕಾಲೆತ್ತರ ಬೆಳೆದಿತ್ತು.

ದುರ್ಗಿ ತುಳಸಿ ಹಾಕಿದ ನೀರಿನ ಚೆಂಬು ತಂದಳು. "ಬಾಯಿಗೆ ನೀರ ಬಿಟ್ಟಿ, 'ಆಣೆ ಬಿಟ್ಟೆವು' ಅನ್ನಿ ಒಡ್ಯಾ. ಇಬ್ರೂ ಕೂಡೇ ಅನ್ಬೇಕು. ಆಣೆ ಇಬ್ರಿಗೂ ಕೂಡೇ ಮಾಡಿದ್ದು."

ಡಾಕ್ಟರರು ನೀರು ಬಿಟ್ಟರು. ಭಟ್ಟರ ಸರದಿ ಬಂದಾಗ ಅವರ ಕೈ ಅಭ್ಯಾಸಬಲದಿಂದ ಮೇಲೆಯೇ ನಿಂತಿತು. ಕೇರಿಯವರಿಗೆ ಅವರು ಯಾವಾಗಲೂ ಕಷಾಯವನ್ನು ಎತ್ತರದಿಂದಲೇ ಹೊಯ್ಯುತ್ತಿದ್ದದ್ದು. ಆ ಕೈ ಈಗ ನಾಚಿ ಕೆಳಗಿಳಿಯಿತು, ಬೆರಳು ಗಂಗಿಯ ತಣ್ಣನೆಯ ತುಟಿಗೆ ತಾಗಿತು.

"ಬಿಟ್ಟೆವು" ಎಂದರು ಡಾಕ್ಟರರು.

"ಬಿಟ್ಟೆವು" ಎಂದರು ಭಟ್ಟರು, ಒಂದು ಉಸಿರು ತಡವಾಗಿ.

"ಕೂಡೇ" ಎಂದಳು ದುರ್ಗಿ.

ಇಬ್ಬರೂ ಐದು ವರ್ಷಗಳಲ್ಲಿ ಮೊದಲ ಸಲ ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಮತ್ತೊಮ್ಮೆ ಹೇಳಿದರು. ಈ ಸಲ ಧ್ವನಿ ಕೂಡಿತು. ಅದರ ಬೆನ್ನಿಗೇ ಭಟ್ಟರು ಮೆಲ್ಲಗೆ, "ನಮ್ಮನ್ನು ಬಿಡಿಸುವವರು ಯಾರು?" ಎಂದರು. ಕೇಳಿಸಿಕೊಂಡದ್ದು ಡಾಕ್ಟರರು ಒಬ್ಬರೇ.

ಚಟ್ಟ ಎದ್ದಿತು. ಆಚೆಯ ಮನೆಯವರು, ಈಚೆಯ ಮನೆಯವರು ಕಲೆತು ಹಿಂದೆ ನಡೆದರು. ಪಂಡಿತರಿಬ್ಬರು ಮಾತ್ರ ಅಂಗಳದ ಬಾಗಿಲ ದಣಪೆಯ ಹೊರಗೆ ಮತ್ತೆ ಆಚೆ ಈಚೆ ಬೇಲಿಗೆ ಒರಗಿ ನಿಂತರು. ಅವರು ಮುಂದೆ ಹೋಗಲಿ ಎಂದು ಇವರು, ಇವರು ಹೋಗಲಿ ಎಂದು ಅವರು. ಗಂಗಿಯ ಹಿಂದೆ ನಡೆಯುವ ಮುಖ ಇಬ್ಬರಿಗೂ ಇರಲಿಲ್ಲ. ಜನ ತಿರುವಿನಲ್ಲಿ ಮರೆಯಾದರು.

ಹೆಂಗಸರು ಮನೆ ಗುಡಿಸಿಯಾಗಿತ್ತು. ದುರ್ಗಿ ಸಗಣಿನೀರಿನ ಮಡಿಕೆ ಹಿಡಿದು ಅಂಗಳಕ್ಕೆ ಚಿಮುಕಿಸುತ್ತ ಓಣಿಗೆ ಬಂದಳು. ಈಚೆ ಬೇಲಿಯ ಬುಡಕ್ಕೆ ಬಂದು ನಿಂತು, "ವಸಿ ಸರೀರಿ ಒಡ್ಯಾ, ಇಲ್ಲಿಗೂ ಹಾಕ್ಬೇಕು" ಎಂದಳು.

ಡಾಕ್ಟರರು ಬೂಟು ಕಳಚಿ ಕೈಯಲ್ಲಿ ಹಿಡಿದು ಸರಿದರು. ಅವಳು ಆಚೆ ಬೇಲಿಗೆ ಹೋದಳು. ಭಟ್ಟರು ಪಂಚೆ ಎತ್ತಿಕೊಂಡು ಸರಿದರು. ಎರಡೂ ಬದಿ ಒದ್ದೆಯಾಗಿ, ಓಣಿಯ ನಡುವೆ ಹೆಣ ಹೊತ್ತವರ ಹೆಜ್ಜೆ ಮೂಡಿದ್ದಷ್ಟು ನೆಲ ಮಾತ್ರ ಉಳಿದಿತ್ತು. ಇಬ್ಬರೂ ಅದರ ಮೇಲೆ, ಮೈಗೆ ಮೈ ತಾಗಿಸಿಕೊಂಡು, ಬರಿಗಾಲಿನಲ್ಲಿ ನಿಂತಿದ್ದರು. ದುರ್ಗಿ ಬರಿದಾದ ಮಡಿಕೆಯನ್ನು ಬೋರಲು ಹಾಕಿ ಒಳಗೆ ಹೋದಳು.