ಎಲ್ಲರಿಗೂ ಹದಿನೆಂಟು

೨೦೨೪ರ ಆಗಸ್ಟ್ ೧೩, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಉಮರ್ಗಾದ ಒಂದು ಸಣ್ಣ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸ್ ಯೋಗಿತಾ ರೋಗಿಗಳ ಚಾರ್ಟ್ ತುಂಬುತ್ತಿದ್ದಳು. ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯುವ ಕಡೆ ಎಲ್ಲರಿಗೂ ಹದಿನೆಂಟು ಎಂದು ಬರೆದಳು. ಯಾರದನ್ನೂ ಎಣಿಸಿರಲಿಲ್ಲ. ಜೊತೆಯ ನರ್ಸ್ ಬಾಣಂತನದ ರಜೆಯಲ್ಲಿದ್ದಳು. ಹತ್ತೊಂಬತ್ತು ದಿನಗಳಿಂದ ಯೋಗಿತಾಗೆ ವಾರದ ರಜೆಯೂ ಸಿಕ್ಕಿರಲಿಲ್ಲ.

ಆ ದಾರಿಯಲ್ಲಿ ಬಂದ ಹಿರಿಯ ಸಿಸ್ಟರ್ ಸರುಬಾಯಿ ಗುರುಬಾಯಿ ಎಂಬ ಗುಂಜೋಟಿ ಊರಿನ ಮುದುಕಿಯ ಹಾಸಿಗೆಯ ಬಳಿ ನಿಂತರು. ಮುದುಕಿಯ ಪಕ್ಕೆ ಉಸಿರಿಗೊಮ್ಮೆ ಒಳಗೆ ಎಳೆಯುತ್ತಿತ್ತು. ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು. ಮೂವತ್ತನಾಲ್ಕು, ಇರಬೇಕಾದ್ದರ ಸುಮಾರು ಎರಡರಷ್ಟು. ಡಾಕ್ಟರು ಓಡಿ ಬಂದು ಆಕ್ಸಿಜನ್ ಹಚ್ಚಿಸಿದರು. ಸಂಜೆಯ ಹೊತ್ತಿಗೆ ಗುರುಬಾಯಿ ಚಹಾ ಕೇಳಿದಳು.

ಯೋಗಿತಾ ಮಾತ್ರ ರಾಜೀನಾಮೆ ಬರೆದು ಪರ್ಸಿನಲ್ಲಿಟ್ಟುಕೊಂಡಳು. ಸರುಬಾಯಿ ಅವಳನ್ನು ಒಬ್ಬಳನ್ನೇ ಬಿಡದೆ ಮನೆಯವರೆಗೂ ಬಂದರು.

"ಮುದುಕಿ ಸತ್ತೇ ಹೋಗ್ತಿದ್ದಳು ಅಕ್ಕಾ. ನನಗ ಅಂಜಿಕಿನೂ ಬರಲಿಲ್ಲ, ಅಳುನೂ ಬರಲಿಲ್ಲ. ಕಲ್ಲಾಗೀನಿ. ಇಂಥಾಕಿ ನರ್ಸ್ ಇರಬಾರ್ದು."

"ಕಲ್ಲಲ್ಲ, ದಣದೀ. ದಿನಾ ಮಂದಿ ನೋವು ನೋಡೋರಿಗಿ ಹಿಂಗ ಆಗ್ತದ. ನನಗೂ ಆಗಿತ್ತು."

ಅತ್ತೆ ಚಂಪಾಬಾಯಿ ಚಹಾ ತಂದಿಟ್ಟು ಕೂತರು. "ಇದಕ್ಕ ಏನ್ ಔಷಧ ಅದ ಸಿಸ್ಟರಬಾಯಿ?"

ಸರುಬಾಯಿ ಕ್ರೈಸ್ತರು. ತಾವು ಮಾಡುವುದನ್ನೇ ಹೇಳಿದರು. "ವಾರ್ಡಿಗಿ ಹೋಗೂ ಮೊದಲ ಸ್ಟೂಲಿನ ಮ್ಯಾಲ ಕುಂದರ್ತೀನ್ರಿ. ಕಾಲು ನೆಲಕ್ಕ. ಇಪ್ಪತ್ತು ಉಸಿರು. ಒಳಗ ಬರೂವಾಗ ‘ಯೇಸುವೇ’ ಅಂತೀನಿ, ಹೊರಗ ಹೋಗೂವಾಗ ‘ಭಾರಾ ನಿನ್ನದು’. ಮನಸ್ಸು ಎಲ್ಲರೆ ಓಡಿದ್ರ ಬೈಯಂಗಿಲ್ಲ. ಮತ್ತ ಉಸಿರಿಗಿ ತರೂದು."

"ಬಂತು ನೋಡ್ರಿ. ಔಷಧ ಅಂತ ಹೇಳಿ ನಮ್ಮ ಸೊಸೀನ ಚರ್ಚಿಗಿ ಒಯ್ಯೂ ಆಟ."

ಸರುಬಾಯಿ ನಕ್ಕರು. "ಒಯ್ದ್ರೂ ಈಕಿ ಅಲ್ಲೇ ನಿದ್ದಿ ಹೋಗ್ತಾಳ ವೈನಿ. ಆಕಿ ‘ಶಿವಾ’ ಅನ್ಲಿ, ನಾ ಬ್ಯಾಡ ಅಂದೇನು? ನಮ್ಮ ಯೇಸುಸ್ವಾಮಿ ಹತ್ರ ರೋಗಿಗೋಳು ಹಿಂಡಾಗಿ ಬರ್ತಿದ್ರು. ಅವರೆಲ್ಲಾ ಮುಗೀಲಿ ಅಂತ ಕಾಯದೇ ಒಬ್ಬರೇ ಗುಡ್ಡಕ್ಕ ಹೋಗಿ ಪ್ರಾರ್ಥನಾ ಮಾಡ್ತಿದ್ರು. ದೇವರ ಮಗನೇ ಎದ್ದು ಹೋಗಿ ಕುಂತ ಮ್ಯಾಲ ಈ ಸರುಬಾಯಿ ಯಾವ ದೊಡ್ಡಾಕಿ ಅಂತ ನಾನೂ ಕುಂತೆ."

ಆಮೇಲೆ ಮೆಲ್ಲಗೆ ಕೇಳಿದರು: "ನೀವು ಮುಂಜಾನಿ ಲಿಂಗಪೂಜಾಕ ಕುಂತಾಗ ಯಾರರೆ ಕರದ್ರ ಏಳ್ತೀರೇನ್ರಿ?"

"ಯಾಕ ಏಳ್ಲಿ? ಕದಾ ಬಡದ್ರೂ ಯೋಗಿತಾನೇ ತಗೀಬೇಕು."

"ಯೋಗಿತಾ ಯಾವಾಗ ಕುಂದರ್ತಾಳ?"

ಚಂಪಾಬಾಯಿ ಯೋಗಿತಾಳ ಕಡೆ ತಿರುಗಿ ನೋಡಿದರು. ಸೊಸೆಯ ಕೊರಳಲ್ಲೂ ಲಿಂಗವಿತ್ತು. ಐದಕ್ಕೆ ಎದ್ದು ರೊಟ್ಟಿ ಬಡಿದು ಎಂಟರ ಡ್ಯೂಟಿಗೆ ಓಡುವವಳು ಅದನ್ನು ಅಂಗೈಯಲ್ಲಿಟ್ಟು ನೋಡಿ ತಿಂಗಳುಗಳಾಗಿದ್ದವು.

"ನಾಳಿಂದ ರೊಟ್ಟಿ ನಾ ಬಡೀತೀನಿ," ಎಂದರು ಚಂಪಾಬಾಯಿ. "ದಪ್ಪ ಆದ್ರ ಸುಮ್ನ ತಿನ್ರಿ."

ಯೋಗಿತಾಗೆ ನಗು ಬಂತು. ನಗುವಿನ ಹಿಂದೆಯೇ ಅಳು. ಅತ್ತೆ ಗಾಬರಿಯಾದರು. "ಬರ್ಲಿ ಬಿಡ್ರಿ, ಛಲೋ ಆತು," ಎಂದರು ಸರುಬಾಯಿ. "ಬರೇ ಉಸಿರಿನಿಂದ ಎಲ್ಲಾ ಆಗಂಗಿಲ್ಲ. ರಜಾನೂ ಬೇಕು. ನಾಳಿ ದೊಡ್ಡ ಡಾಕ್ಟರ್ ಹತ್ರ ಇಬ್ಬರೂ ಹೋಗೂಣು."

ಮರುದಿನ ಯೋಗಿತಾ ಕೊಟ್ಟದ್ದು ರಾಜೀನಾಮೆಯಲ್ಲ, ರಜೆಯ ಅರ್ಜಿ. ಅದು ಮಂಜೂರಾಯಿತು. ವಾರ್ಡಿಗೆ ಇನ್ನೊಬ್ಬ ನರ್ಸೂ ಬಂದಳು. ಈಗ ಯೋಗಿತಾ ಡ್ಯೂಟಿಗೆ ಮೊದಲು ಇಪ್ಪತ್ತು ಉಸಿರು ಕೂರುತ್ತಾಳೆ. ಪ್ರತಿ ರೋಗಿಯ ಉಸಿರನ್ನೂ ಎಣಿಸಿಯೇ ಬರೆಯುತ್ತಾಳೆ.

ನೀವು ನರ್ಸ್ ಆಗಿರಬಹುದು, ಆಶಾ ಕಾರ್ಯಕರ್ತೆ ಆಗಿರಬಹುದು, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಾಗಿರಬಹುದು. ದಣಿವನ್ನು ಮುಚ್ಚಿಡಬೇಡಿ. ಜೊತೆಯವರಿಗೆ ಹೇಳಿ, ರಜೆ ಕೇಳಿ, ಮನೆಗೆಲಸ ಹಂಚಿಕೊಳ್ಳಿ. ಎರಡು ವಾರ ಮೀರಿಯೂ ಮನಸ್ಸು ಭಾರವಾಗಿದ್ದರೆ ಡಾಕ್ಟರನ್ನು ಕಾಣಿ, ಇಲ್ಲವೇ ಸರ್ಕಾರದ ಉಚಿತ ಸಹಾಯವಾಣಿ ೧೪೪೧೬ಕ್ಕೆ ಕರೆ ಮಾಡಿ. ಮತ್ತು ದಿನಕ್ಕೊಮ್ಮೆ ನಿಮ್ಮ ದೇವರ ಹೆಸರು ಹಿಡಿದು ಇಪ್ಪತ್ತು ಉಸಿರು ಕೂತುಕೊಳ್ಳಿ. ಪುರುಸೊತ್ತಿಲ್ಲ ಎನ್ನಬೇಡಿ. ಯೋಗಿತಾ ಗಡಿಯಾರ ಹಿಡಿದು ನೋಡಿದ್ದಾಳೆ: ಒಂದು ನಿಮಿಷ ನಲವತ್ತು ಸೆಕೆಂಡು.