ಮಣ್ಣು ಮಾಡಿದ ಮೂಳೆ

ಸುಳ್ಳು ಹೇಳಿದವನು ನಾನೇ. ಹೇಳದೆ ಇದ್ದಿದ್ದರೆ ಅವ್ವ ಕಾಲೂರುತ್ತಲೇ ಇರಲಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಆರರಲ್ಲಿ ನಮ್ಮವ್ವ ಈರಮ್ಮ ಭೀಮನಬೀಡಿನ ಮನೆಯ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಗ ಅವಳಿಗೆ ಎಪ್ಪತ್ತೆಂಟು. ಗುಂಡ್ಲುಪೇಟೆಯಲ್ಲಿ ಎಕ್ಸ್‌ರೇ ಆಯಿತು. ಚಾಮರಾಜನಗರದ ಮೂಳೆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಎರಡು ದಾರಿ ಹೇಳಿದರು. ಕಾಲಿಗೆ ತೂಕ ಕಟ್ಟಿ ಎರಡು ಮೂರು ತಿಂಗಳು ಮಲಗಿಸುವುದು ಒಂದು. ಈ ವಯಸ್ಸಿಗೆ ಬೆನ್ನು ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಮತ್ತೆ ಏಳುವುದೇ ಅನುಮಾನ. ಇಲ್ಲವೇ ಆಪರೇಷನ್. ತೊಡೆಮೂಳೆ ತುದಿಯ ಮುರಿದ ಗುಂಡನ್ನು ತೆಗೆದು ಸ್ಟೀಲಿನದು ಕೂರಿಸಿ, ಬೇಗ ಎಬ್ಬಿಸಿ ನಿಲ್ಲಿಸುವುದು.

ಅವ್ವ ಕೇಳಿದ್ದು ಒಂದೇ. "ತಗ್ದ ಮೂಳೆಯ ಏನ್ಮಾಡೀರಿ ಸ್ವಾಮಿ?"

ಡಾಕ್ಟರು ನಕ್ಕರು. ಅವ್ವ ನಗಲಿಲ್ಲ. ನನ್ನ ಕಡೆ ತಿರುಗಿ, "ಶಿವಮಲ್ಲು, ಅದ ತಕ್ಕೊಂಡೋಗಿ ನಿಮ್ಮಪ್ಪನ ಮಗ್ಗುಲಲ್ಲಿ ಮಣ್ಣು ಮಾಡು ಕಣ್ಲಾ. ಅದು ಮಣ್ಣು ಸೇರಗಂಟ ನಾ ಕಾಲೂರಕಿಲ್ಲ" ಅಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ಕೇಳಲು ಹೋಗುವಷ್ಟರಲ್ಲಿ ಮೂಳೆ ಆಸ್ಪತ್ರೆಯವರು ಸುಡುವ ಕಸದ ಜೊತೆ ಹೊರಟುಹೋಗಿತ್ತು. ಅವ್ವ ಹಟ ಹಿಡಿದರೆ ಬ್ರಹ್ಮ ಬಂದರೂ ಜಗ್ಗುವವಳಲ್ಲ. ಹೀಗೇ ಬಿಟ್ಟರೆ ಮಲಗಿದಲ್ಲೇ ಸತ್ತುಹೋಗುತ್ತಾಳೆ. ಗುಂಡ್ಲುಪೇಟೆಗೆ ಬಂದು ಮಾಂಸದಂಗಡಿಯಲ್ಲಿ ಕುರಿಯದೊಂದು ಗುಂಡುಮೂಳೆ ಕೇಳಿ ಪಡೆದೆ. ಬಿಳಿ ಬಟ್ಟೆ ಸುತ್ತಿ, ವಿಭೂತಿ ಹಚ್ಚಿ, ನಾಲ್ಕು ಜನ ನೋಡುವ ಹಾಗೆ ಹೊಲದಲ್ಲಿರುವ ಅಪ್ಪನ ಸಮಾಧಿಯ ಪಕ್ಕ ಹೂತೆ. ಸಂಜೆ ಬಸ್ಸಿಗೆ ಆಸ್ಪತ್ರೆಗೆ ವಾಪಸ್ಸು ಬಂದೆ.

"ಮಣ್ಣು ಮಾಡ್ಬುಟ್ಟೆ ಕಣವ್ವ."

ಅವ್ವ ಎದ್ದು ನಿಂತಳು.

ತಿಂಗಳಾಗುವಷ್ಟರಲ್ಲಿ ವಾಕರ್ ಹಿಡಿದು ಜಗುಲಿಗೆ ಬರತೊಡಗಿದಳು. ಮಳೆ ಬಂದ ದಿನ ಸೊಂಟ ಹಿಡಿದುಕೊಂಡು, "ನೆನೀತಾ ಅದೆ ಕಣ್ಲಾ. ಮ್ಯಾಲೊಂದು ಚಪ್ಪಡಿ ಎಳಿ" ಅಂದಳು. ನನಗೆ ಒಳಗೊಳಗೇ ನಗು. ಕುರಿ ಮೂಳೆ ನೆನೆದರೆ ಇವಳಿಗೇನು? ಸಮಾಧಾನಕ್ಕೆಂದು ಸೊಂಟ ಮುಟ್ಟಿ ನೋಡಿದೆ. ಸೀರೆ ಒಣಗೇ ಇತ್ತು, ಒಳಗಿನ ಚರ್ಮ ಮಾತ್ರ ಹಸಿಮಣ್ಣಿನಷ್ಟು ತಣ್ಣಗಿತ್ತು. ಆದರೂ ಚಪ್ಪಡಿ ಹಾಕಲಿಲ್ಲ.

ಅದಾದ ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಅವ್ವ ಜಗುಲಿಯಲ್ಲೇ ಕುಸಿದಳು. "ಕೆರೀತಾ ಅದೆ! ಏನೋ ಉಗುರಾಕಿ ಕೆರೀತಾ ಅದೆ, ಓಡ್ಲಾ!"

ಹೊಲ ಮನೆಯ ಹಿಂದೆಯೇ. ಓಡಿದೆ. ಸಮಾಧಿಯ ಪಕ್ಕ ಮಣ್ಣು ಕೆದರಿತ್ತು, ಬಟ್ಟೆ ಚಿಂದಿಯಾಗಿತ್ತು. ಬದುವಿನ ಮೇಲೊಂದು ಕೆಂದನೆಯ ನಾಯಿ ಮೂಳೆ ಕಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಕಲ್ಲೆತ್ತಿದೆ. ಅದು ಹಲ್ಲು ಬಿಗಿಯಿತು. ಕಟ್ ಅಂತ ಸದ್ದಾಯಿತು, ಅದೇ ಗಳಿಗೆಗೆ ಮನೆ ಕಡೆಯಿಂದ ಅವ್ವ ಕಿರುಚಿದ್ದು ಕೇಳಿಸಿತು.

ಕಲ್ಲು ಕೆಳಗಿಟ್ಟೆ. ಅದು ಕುರಿಯದು ಅಂತ ಊರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆ ನಾನೇ ಮಣ್ಣಲ್ಲಿ ಮಂಡಿಯೂರಿ ನಾಯಿಗೆ ಕೈ ಮುಗಿದೆ.

"ನಮ್ಮವ್ವಂದು ಕಣಪ್ಪಾ, ಕೊಟ್ಬುಡು" ಅಂದೆ.