ಎಡಗಡೆಯ ಸೀಟು

ವರ್ಕಾಡಿಯಲ್ಲಿ ಮಹಾಗಣಪತಿ ಭಟ್ಟರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಕ್ಷಣ ಯೋಚಿಸಬೇಕು. ಕಾರು ಭಟ್ರು ಎಂದರೆ ಗೇಟಿನವರೆಗೂ ಬಂದು ತೋರಿಸುತ್ತಾರೆ. ಆ ಭಾಗಕ್ಕೆ ಮೊದಲು ಕಾರು ತಂದವರು ಅವರು. ಆ ಅಂಬಾಸಿಡರ್ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿತ್ತು. ಹೆಸರಿಗೆ ತಕ್ಕಂತೆ ಶೆಡ್ಡಿನಲ್ಲಿ ದೊಡ್ಡದೊಂದು ಬಿಳಿ ಕಾರೂ ಇತ್ತು. ಅದರ ಸ್ಟಿಯರಿಂಗನ್ನು ಅವರು ಯಾರಿಗೂ ಮುಟ್ಟಗೊಟ್ಟವರಲ್ಲ. ಮಗಳು ರಂಜನಿ ಕಾಸರಗೋಡಿನ ಕಾಲೇಜಿಗೆ ಪಾಠ ಮಾಡಲು ಹೋಗಿಬರುತ್ತಿದ್ದುದು ತನ್ನದೇ ಸಣ್ಣ ಕಾರಿನಲ್ಲಿ. ಅದನ್ನು ಭಟ್ಟರು ಬೆಂಕಿಪೆಟ್ಟಿಗೆ ಎನ್ನುತ್ತಿದ್ದರು.

ಅಂದು ಕಾಸರಗೋಡಿನಲ್ಲಿ ನೆಂಟರ ಮದುವೆ. ಈಚೆಗೆ ಗೇಟಿನ ಎಡಗಂಬಕ್ಕೆ ಅಪ್ಪ ಎರಡು ಸಲ ಕಾರು ತಾಗಿಸಿದ್ದನ್ನು ರಂಜನಿ ಕಂಡಿದ್ದಳು.

“ಅಪ್ಪಾ, ಇವತ್ತು ನನ್ನ ಕಾರಿನಲ್ಲೇ ಹೋಗುವ.”

“ಮದುವೆ ಹಾಲ್‌ನ ಎದುರು ನಾನು ಆ ಬೆಂಕಿಪೆಟ್ಟಿಗೆಯಿಂದ ಇಳಿಯುವುದಾ? ನೋಡಿದವರು ಎಂತ ಹೇಳಿಯಾರು? ಹತ್ತು, ಹತ್ತು.”

ಹೊಸಂಗಡಿಯವರೆಗೂ ಅಪ್ಪನ ಪಕ್ಕದ ಎಡಗಡೆಯ ಸೀಟಿನಲ್ಲಿ ಕೂತ ರಂಜನಿ ಬಾಗಿಲಿನ ಹಿಡಿಯನ್ನು ಬಿಡಲಿಲ್ಲ. ಬೇಲಿಯ ಗಿಡಗಳು ಅವಳ ಕಿಟಕಿಯನ್ನು ತರಚುತ್ತಲೇ ಇದ್ದವು.

“ಸ್ವಲ್ಪ ಬಲಕ್ಕೆ, ಅಪ್ಪಾ.”

“ನನಗೆ ಕಲಿಸ್ಲಿಕ್ಕೆ ಬರ್ಬೇಡ.”

ಹಿಂದಿನ ಸೀಟಿನಲ್ಲಿ ತಾಯಿ ಪರಮೇಶ್ವರಿ ತುಟಿ ಬಿಗಿದು ಕೂತಿದ್ದರು. ಹೆದ್ದಾರಿಯ ಸರ್ವಿಸ್ ರಸ್ತೆಗೆ ಇಳಿದದ್ದೇ ತಡ, ಲಾರಿಯೊಂದು ಬಲಗಡೆಯಿಂದ ಒತ್ತಿಕೊಂಡು ಬಂತು. ಭಟ್ಟರು ಇನ್ನಷ್ಟು ಎಡಕ್ಕೆ ಸರಿದರು. ಎಡಗಡೆಯ ಓಣಿಯಿಂದ ಬೈಕೊಂದು ಹೊರಬರುತ್ತಿರುವುದು ರಂಜನಿಗೆ ಕಂಡಿತು. ಅಪ್ಪ ಈಗ ಬ್ರೇಕು ಹಾಕಿಯಾರು, ಈಗ ಹಾಕಿಯಾರು ಎಂದು ಉಸಿರು ಹಿಡಿದಳು. ಅವರ ಕಾಲು ಅಲುಗಲೇ ಇಲ್ಲ.

“ಅಪ್ಪಾ, ಬೈಕ್!”

“ಎಲ್ಲಿ?”

ರಂಜನಿ ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದಳು. ಕಾರು ಅಡ್ಡಕ್ಕೆ ತಿರುಗಿ, ಬೈಕಿಗೆ ಬಡಿದು ನಿಂತಿತು.

ಅವಳು ಹಾರಿ ಇಳಿದು ಓಡಿದಳು. ಬಿದ್ದಿದ್ದ ಯುವಕ ಎದ್ದು ಕೂತಿದ್ದ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅಂಗಡಿಗಳಿಂದ ಜನ ಓಡಿಬರುವಷ್ಟರಲ್ಲಿ ಭಟ್ಟರೂ ಪರಮೇಶ್ವರಿಯೂ ಇಳಿದು ಬಂದು ನಿಂತಿದ್ದರು.

“ಅಯ್ಯೋ, ಕಾರು ಭಟ್ರಲ್ವಾ! ಯಾರು ಮಾರಾಯ್ರೆ ಓಡಿಸಿದ್ದು?” ಗುರುತಿನವರೊಬ್ಬರು ಕೇಳಿದರು.

ಭಟ್ಟರು ಕೈಯಲ್ಲಿದ್ದ ಕೀಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

“ಮಗಳು,” ಎಂದರು.

ರಂಜನಿಗೆ ಕೆನ್ನೆಗೆ ಹೊಡೆದಂತಾಯಿತು. ಅಪ್ಪನ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು.

“ಎಂತ ಮೇಡಂ, ಕಣ್ಣು ಕಾಣುದಿಲ್ವಾ ನಿಮ್ಗೆ?” ಯುವಕ ಚೀರಿದ. ಅವನ ಹೆಸರು ಕುಶಲ್. “ಓಡಿಸ್ಲಿಕ್ಕೆ ಬರದಿದ್ರೆ ಇಷ್ಟು ದೊಡ್ಡ ಕಾರು ಯಾಕೆ?”

ಗುಂಪಿನಲ್ಲಿ ಯಾರೋ ಹೌದೆಂದರು. ಇನ್ಯಾರೋ ನಕ್ಕರು. ನಿಜ ಹೇಳಲು ಒಂದೇ ಮಾತು ಸಾಕಿತ್ತು. ಅದು ಅವಳ ನಾಲಗೆಯ ತುದಿಗೂ ಬಂದಿತ್ತು.

“ತಪ್ಪಾಯ್ತು. ಹತ್ತಿ, ಆಸ್ಪತ್ರೆಗೆ ಹೋಗುವ,” ಎಂದಳು. ಆಮೇಲೆ ತಿರುಗಿ ಕೈ ಚಾಚಿದಳು. “ಅಪ್ಪಾ, ಕೀ.”

ಕೀ ಭಟ್ಟರ ಮುಷ್ಟಿಯಲ್ಲಿತ್ತು. ಕೊಡದಿದ್ದರೆ ಅಷ್ಟೂ ಜನರ ಎದುರು ಸುಳ್ಳು ಬಯಲಾಗುತ್ತದೆ. ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡವು. ಮೊದಲ ಬಾರಿಗೆ ಅವರು ತಮ್ಮ ಕಾರಿನ ಎಡಗಡೆಯ ಬಾಗಿಲು ತೆರೆದು ಕೂತರು.

ರಂಜನಿ ಕಾರನ್ನು ನೇರ ಕಾಸರಗೋಡಿನ ಆಸ್ಪತ್ರೆಗೆ ಒಯ್ದಳು. ಕುಶಲನ ಮೂಳೆಗೆ ಏನೂ ಆಗಿರಲಿಲ್ಲ. ಡಾಕ್ಟರು ಹಾಗೆಂದು ಹೋದ ಮೇಲೆ, ಹೊರಗಿನ ಬೆಂಚಿನಲ್ಲಿ ಪರಮೇಶ್ವರಿ ಬಾಯಿಬಿಟ್ಟರು.

“ಎಡಗಡೆ ಇಟ್ಟ ಲೋಟವನ್ನು ನೀವು ದಿನಾ ಉರುಳಿಸ್ತೀರಿ. ನಾನು ಒರೆಸಿ ಸುಮ್ಮನಿದ್ದೆ. ಈಗ ಅವಳಿಗೆ ಬೈಗುಳ ತಿನ್ನಿಸಿದ್ರಿ. ಒಳಗೆ ಹೋಗಿ ನೀವು ಹೇಳ್ತೀರಾ, ನಾನು ಹೇಳ್ಬೇಕಾ?”

 ಭಟ್ಟರು ಎದ್ದು ಕುಶಲನ ಮಂಚದ ಬಳಿ ಹೋದರು. ರಂಜನಿ ಬಾಗಿಲಲ್ಲಿ ನಿಂತಳು.

“ಕಾರು ಬಿಟ್ಟದ್ದು ನಾನು. ಅವಳಲ್ಲ. ನನಗೆ ಎಡಗಣ್ಣು ಕಾಣುದಿಲ್ಲ.”

ಕುಶಲ್ ಅವರನ್ನೇ ದಿಟ್ಟಿಸಿದ. “ಅಲ್ಲೇ ಹೇಳ್ಬೇಕಿತ್ತು ನೀವು. ಮೇಡಂಗೆ ನಾನು ಎಂತೆಲ್ಲ ಹೇಳಿದೆ,” ಎಂದು ಗೋಡೆಯ ಕಡೆ ಮುಖ ತಿರುಗಿಸಿದ. ಅದಕ್ಕಿಂತ ಹೆಚ್ಚಿನ ಕ್ಷಮೆ ಭಟ್ಟರಿಗೆ ಸಿಗಲಿಲ್ಲ.

ಅವರು ಹಾಲ್ ಮುಟ್ಟುವಾಗ ಕೊನೆಯ ಪಂಕ್ತಿ ಕೂತಿತ್ತು. ಮೆಟ್ಟಿಲ ಮೇಲಿದ್ದ ತಿರುಮಲೇಶ್ವರ ಎಂಬ ನೆಂಟ ಕಾರು ಕಂಡು ಕೆಳಗಿಳಿದು ಬಂದ.

“ಎಂತ ಭಟ್ರೇ, ನೀವು ಈಚೆ ಸೀಟಿನಲ್ಲಿ?”

ರಂಜನಿ ಮುಂದಕ್ಕೇ ನೋಡುತ್ತಾ ಕಾದಳು. ಅಪ್ಪ ಇನ್ನೊಂದು ಸುಳ್ಳು ಹೇಳುತ್ತಾರೆಯೇ?

“ಕಣ್ಣು ಹೋಯ್ತು ಮಾರಾಯ. ಇನ್ನು ಅವಳೇ,” ಎಂದು ಭಟ್ಟರು ಇಳಿದು, ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದರು. ಪರಮೇಶ್ವರಿ ಹಿಂದೆಯೇ ಹೋದರು.

ರಂಜನಿ ಒಡನೆ ಇಳಿಯಲಿಲ್ಲ. ಅಪ್ಪ ಕೊನೆಯ ಮೆಟ್ಟಿಲು ಹತ್ತುವವರೆಗೆ ನೋಡುತ್ತಿದ್ದು, ಆಮೇಲೆ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.